ಗುಫೂಲಿನಿಂದ ರಿಫಾಕ್ಕೆ ಒಂದು ರೈಲು

ಬಹ್ರೇನಿನಲ್ಲಿ ರೈಲಿಲ್ಲ. ಒಂದು ತುದಿಯಲ್ಲಿ ನಿಂತು ಸೀನಿದರೆ ಇನ್ನೊಂದು ತುದಿಯಲ್ಲಿದ್ದವನು ‘ನೂರು ವರ್ಷ ಬಾಳು’ ಎಂದು ಹರಸಬಹುದಾದಷ್ಟು ಸಣ್ಣ ದ್ವೀಪ ಅದು. ಅಲ್ಲಿ ರೈಲು ಯಾಕೆ ಬೇಕು ಎಂದು ನೀವು ಕೇಳಬಹುದು. ಆದರೆ ನಾನು ಹೇಳಹೊರಟ ರೈಲು ಆ ದ್ವೀಪಕ್ಕಿಂತಲೂ ಸಣ್ಣದು. ಅದು ಓಡುತ್ತಿದ್ದದ್ದು ಜಪಾನಿನಲ್ಲಿ, ಒಸಾಕಾ ನಗರದ ಒಂದು ಮೂಲೆಯಲ್ಲಿ. ಅದನ್ನು ನಾನು ಕಣ್ಣಾರೆ ಕಂಡವನಲ್ಲ, ಕಿವಿಯಾರೆ ಕೇಳಿದವನು. ಕೇಳಿದ್ದು ಬಹ್ರೇನಿನ ರಾಜಧಾನಿ ಮನಾಮದ ಗುಫೂಲಿನಲ್ಲಿ, ತೊಂಬತ್ತರ ದಶಕದಲ್ಲಿ, ಒಂದು ಟೇಪ್‌ರೆಕಾರ್ಡರಿನಿಂದ.

ಆಗ ನಾನು ರಿಫಾದ ಒಂದು ಕಂಪನಿಯ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ದೊಡ್ಡ ಕಟ್ಟಡಗಳಿಗೆ ಏರ್‌ಕಂಡೀಷನ್ ಯಂತ್ರ ಕೂರಿಸುವ ಕಂಪನಿ ಅದು. ಉಳಿದುಕೊಳ್ಳಲು ಗುಫೂಲಿನ ಹಳೆಯ ಕಟ್ಟಡವೊಂದರಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಕೊಟ್ಟಿದ್ದರು. ಹೆಂಡತಿ ಉಡುಪಿಯ ಹತ್ತಿರ ಸರಕಾರಿ ಶಾಲೆಯಲ್ಲಿ ಟೀಚರು. “ಸಿಕ್ಕಿದ ಕೆಲಸ ಬಿಟ್ಟು ನಿಮ್ಮ ಹೊಯ್ಗೆ ಎಣಿಸ್ಲಿಕ್ಕೆ ಬರುದಾ ನಾನು?” ಎಂದು ಮದುವೆಯಾದ ಹೊಸತರಲ್ಲೇ ಕೇಳಿದ್ದಳು. ಮರಳುಗಾಡಿನ ಆ ಹೊಯ್ಗೆಯನ್ನು ನಾನೊಬ್ಬನೇ ಎಣಿಸುವುದೆಂದು ತೀರ್ಮಾನವಾಯಿತು. ಮಗಳನ್ನು ತೊಟ್ಟಿಲಿಗೆ ಹಾಕಿದ ಮರುವಾರ ನಾನು ವಿಮಾನ ಹತ್ತಿದೆ.

ಎರಡು ವರ್ಷಕ್ಕೊಮ್ಮೆ ರಜೆ ಕೊಡುವುದು ಅಲ್ಲಿನ ಪದ್ಧತಿ. ಮೊದಲ ರಜೆಯಲ್ಲಿ ಊರಿಗೆ ಹೋದಾಗ ಮಗಳು ನನ್ನನ್ನು ನೋಡಿ ಅಜ್ಜಿಯ ಸೀರೆಯೊಳಗೆ ಮುಖ ಹುದುಗಿಸಿದಳು. ನಾನು ತಂದ ಗೊಂಬೆಯನ್ನು ತೆಗೆದುಕೊಂಡಳು, ತಂದವನನ್ನು ಬಿಟ್ಟಳು. ಮಕ್ಕಳ ಹತ್ತಿರ ಅವಸರ ಮಾಡಬಾರದು ಎಂದು ಎಲ್ಲರೂ ಬುದ್ಧಿ ಹೇಳಿದರು. ನಾನು ಅವಸರ ಮಾಡಲಿಲ್ಲ, ರಜೆ ಮಾಡಿತು. ಅವಳು ಬಾಗಿಲ ಮರೆಯಿಂದ ಹೊರಗೆ ಬಂದು ನನ್ನ ಮೊಣಕಾಲನ್ನು ಮುಟ್ಟಿ ನೋಡುವ ಹಂತಕ್ಕೆ ಬಂದಾಗ ನಾನು ಮತ್ತೆ ಪೆಟ್ಟಿಗೆ ಕಟ್ಟುತ್ತಿದ್ದೆ. ಅಷ್ಟು ದಿನಗಳಲ್ಲಿ ಒಮ್ಮೆಯೂ ಅವಳು ನನ್ನನ್ನು ‘ಅಪ್ಪ’ ಎಂದು ಕರೆಯಲಿಲ್ಲ. ನನಗೆ ಆ ಒಂದು ಶಬ್ದ ಬೇಕಾಗಿತ್ತು. ಅದನ್ನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಗಂಡಸು ಇಷ್ಟು ಸಣ್ಣದಕ್ಕೆ ಅಳುತ್ತಾನಲ್ಲ ಎಂದು ನಗುತ್ತಿದ್ದರು.

ಗುಫೂಲಿನ ಶುಕ್ರವಾರಗಳನ್ನು ನೆನೆದರೆ ಈಗಲೂ ಬಾಯಿ ಒಣಗುತ್ತದೆ. ಗುರುವಾರ ಸಂಜೆ ಆಫೀಸಿನವರಿಗೆ ‘ಮಅಸ್ಸಲಾಮ’ ಹೇಳಿ ಹೊರಟರೆ ಶನಿವಾರ ಬೆಳಿಗ್ಗೆ ಸಲಾಂ ಹೇಳುವ ತನಕ ನನ್ನ ನಾಲಿಗೆಗೆ ಕೆಲಸವಿಲ್ಲ. ಅಲ್ಲಿನವರು ಕೋಲ್ಡ್ ಸ್ಟೋರ್ ಅನ್ನುವ ಕೆಳಗಿನ ದಿನಸಿ ಅಂಗಡಿಗೆ ಹೋಗಿ ಮೊಸರಿನ ಡಬ್ಬಿಯನ್ನು ಬೆರಳಿನಿಂದ ತೋರಿಸಿದರೆ ಸಾಕು, ಅಲ್ಲಿಯೂ ಮಾತು ಬೇಡ. ಒಬ್ಬನಿಗೆಂದು ಸಾರು ಮಾಡಲು ನನಗೆ ಕೊನೆಯವರೆಗೂ ಬರಲಿಲ್ಲ. ಒಮ್ಮೆ ಮಾಡಿದ ಹುರುಳಿ ಸಾರು ಮೂರು ಹೊತ್ತು ನನ್ನ ಮುಖವನ್ನೇ ನೋಡುತ್ತಿತ್ತು. ನಮ್ಮ ಕಡೆಯವರು ಬೇಕಾದಷ್ಟು ಜನ ಇದ್ದರು. ಹೋಟೆಲು ಇಟ್ಟವರು, ಬ್ಯಾಂಕಿನ ಮ್ಯಾನೇಜರುಗಳು, ಬೆಂಗಳೂರಿನ ಕಡೆಯ ಇಂಜಿನಿಯರುಗಳು. ಅವರು ಸೇರಿ ನಡೆಸುವ ಕಾರ್ಯಕ್ರಮಗಳಿಗೆ ಎರಡು ಸಲ ಹೋದೆ. ಕುಟುಂಬಗಳು ಕುಟುಂಬಗಳ ಜೊತೆ ಕುಳಿತವು, ಮಕ್ಕಳು ಇಂಗ್ಲಿಷಿನಲ್ಲಿ ಜಗಳವಾಡಿ ಕನ್ನಡದಲ್ಲಿ ಹಾಡಿದರು. “ಫ್ಯಾಮಿಲಿ ಕರ್ಕೊಂಡು ಬರ್ಲಿಲ್ವಾ?” ಎಂದು ಕೇಳಿದವರಿಗೆ ಉತ್ತರ ಕೊಟ್ಟು ಸಾಕಾಗಿ ಮೂರನೆಯ ಸಲ ಹೋಗಲಿಲ್ಲ. ನಾನು ಸ್ವಲ್ಪ ಮುಂಗೋಪಿ. ಊರಿನಲ್ಲಿ ಅದನ್ನು ತಾಳಿಕೊಳ್ಳಲು ಜನ ಇರುತ್ತಾರೆ, ಪರದೇಶದಲ್ಲಿ ಅದು ಒಬ್ಬನೇ ಉಣ್ಣಬೇಕಾದ ಅಡುಗೆ.

ನನ್ನ ಮೇಲಿನ ಮಹಡಿಗೆ ಆ ಜಪಾನಿ ಇಂಜಿನಿಯರ್ ಬಂದದ್ದು ಇಂಥ ದಿನಗಳಲ್ಲಿ. ನಮ್ಮ ಕಂಪನಿ ತರಿಸಿದ ಯಂತ್ರಗಳನ್ನು ಕೂರಿಸಿ ಓಡಿಸಿ ಕೊಡಲು ಅವರ ಕಂಪನಿ ಕಳಿಸಿತ್ತು. ಐವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ಮೊದಲ ದಿನ ಅವರನ್ನು ಕಂಡದ್ದು ಮೆಟ್ಟಿಲಲ್ಲಿ. ಬೀಗ ಹಾಕಿದ ತಮ್ಮ ಬಾಗಿಲಿನ ಮುಂದೆ ನೆಟ್ಟಗೆ ನಿಂತು, ಬಲಗೈಯ ತೋರುಬೆರಳನ್ನು ಬೀಗದ ಕಡೆಗೆ ಚಾಚಿ, ಜೋರಾಗಿ ಏನೋ ಹೇಳಿದರು. ಆಮೇಲೆ ಲೈಟಿನ ಸ್ವಿಚ್ಚಿಗೆ ಬೆರಳು ಚಾಚಿ ಇನ್ನೇನೋ ಹೇಳಿದರು. ಕಂಪನಿಯವರು ತಲೆ ಸರಿ ಇಲ್ಲದವನನ್ನು ತರಿಸಿಕೊಂಡಿದ್ದಾರೆ ಅಂದುಕೊಂಡು ನಾನು ಗೋಡೆಗೆ ಒತ್ತಿಕೊಂಡು ದಾರಿಬಿಟ್ಟೆ.

ಬೆಳಿಗ್ಗೆ ನಮ್ಮಿಬ್ಬರನ್ನೂ ಒಂದೇ ವ್ಯಾನು ರಿಫಾಕ್ಕೆ ಒಯ್ಯುತ್ತಿತ್ತು. ಅವರ ಇಂಗ್ಲಿಷ್ ಒಂದು ಕಾಲಿನಲ್ಲಿ ಕುಂಟುತ್ತಿತ್ತು, ನನ್ನದು ಇನ್ನೊಂದು ಕಾಲಿನಲ್ಲಿ. ಎರಡೂ ಸೇರಿ ಹೇಗೋ ನಡೆದವು. ಒಂದು ದಿನ ಧೈರ್ಯ ಮಾಡಿ ಆ ಬೆರಳಿನ ವಿಷಯ ಕೇಳಿದೆ. ಅವರಿಗೆ ನಾಚಿಕೆಯಾಯಿತು. ಅದು ತಮ್ಮ ದೇಶದ ರೈಲಿನವರ ಪದ್ಧತಿ ಎಂದರು. ಸಿಗ್ನಲ್ ಹಸಿರಾಗಿದೆ ಎಂದು ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು, ಬೆರಳು ತೋರಿಸಿ ಬಾಯಿಬಿಟ್ಟು ಹೇಳಬೇಕು. ಕಣ್ಣು ಮೋಸ ಹೋಗಬಹುದು, ಕಣ್ಣು ಬೆರಳು ಬಾಯಿ ಮೂರೂ ಒಟ್ಟಿಗೆ ಮೋಸ ಹೋಗುವುದು ಅಪರೂಪ. ಅವರ ತಂದೆ ಒಂದು ಪುಟ್ಟ ರೈಲು ಮಾರ್ಗದಲ್ಲಿ ಗಾರ್ಡ್ ಆಗಿದ್ದರಂತೆ. ಮನೆಯಲ್ಲಿಯೂ ಗ್ಯಾಸ್ ಒಲೆಗೆ ಬೆರಳು ತೋರಿಸದೆ ಹೊರಗೆ ಹೊರಡುತ್ತಿರಲಿಲ್ಲವಂತೆ.

“ಇಲ್ಲಿ ಒಬ್ಬನೇ ಇರುತ್ತೇನಲ್ಲ,” ಎಂದರು, “ಇದೊಂದು ನೆಪದಲ್ಲಾದರೂ ನನ್ನ ಧ್ವನಿ ನನಗೆ ಕೇಳುತ್ತದೆ.”

ಆ ಮಾತು ಕೇಳಿದ ಮೇಲೆ ನಾನು ಅವರನ್ನು ತಮಾಷೆ ಮಾಡುವುದನ್ನು ಬಿಟ್ಟೆ. ಮರುದಿನದಿಂದ ನಾನೂ ನನ್ನ ಒಲೆಗೆ ಬೆರಳು ತೋರಿಸಿ “ಆಫ್ ಉಂಟು” ಎಂದು ಹೇಳತೊಡಗಿದೆ.

ಒಂದು ಶುಕ್ರವಾರ ಬೆಳಿಗ್ಗೆ ಅವರು ನನ್ನನ್ನು ಮೇಲೆ ಕರೆದರು. ಕಹಿಯಾದ ಹಸಿರು ಚಹಾ ಕೊಟ್ಟು ಟೇಪ್‌ರೆಕಾರ್ಡರಿಗೆ ಒಂದು ಕ್ಯಾಸೆಟ್ ಹಾಕಿದರು. ಮೊದಲು ಜನರ ಗದ್ದಲ, ಒಂದು ಸೀಟಿ, ಬಾಗಿಲು ಮುಚ್ಚಿಕೊಳ್ಳುವ ಸದ್ದು. ಆಮೇಲೆ ಚಕ್ರಗಳು. ಅವುಗಳ ಮೇಲೆ ಮೂಗಿನಿಂದ ಬರುವ ಒಂದು ಎಳೆದ ಧ್ವನಿ, ನಮ್ಮ ಸಂತೆಯಲ್ಲಿ ಮೀನು ಹರಾಜು ಕೂಗುವವನ ಧ್ವನಿಗೆ ಸ್ವಲ್ಪ ಮರ್ಯಾದೆ ಕಲಿಸಿದ ಹಾಗೆ. ಅದು ಅವರ ತಂದೆ. ಮುಂದಿನ ಸ್ಟೇಷನ್ನಿನ ಹೆಸರು ಹೇಳುತ್ತಿದ್ದರು. ಮಗನೇ ಒಂದು ದಿನ ಪ್ರಯಾಣಿಕನಂತೆ ಕುಳಿತು, ಆ ತುದಿಯಿಂದ ಈ ತುದಿಯವರೆಗೆ ಎಲ್ಲವನ್ನೂ ಟೇಪ್ ಮಾಡಿಕೊಂಡಿದ್ದರು.

ಎರಡೇ ಡಬ್ಬಿಗಳ ರೈಲು. ದೊಡ್ಡ ಜಂಕ್ಷನ್ನಿನ ಮೂಲೆಯಲ್ಲಿ, ಬೇರೆ ರೈಲುಗಳಿಗೆ ಬೇಡವಾದ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ. ಸ್ಟೇಷನ್ನುಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು. ಪೇಪರ್ ಬಿಡಿಸಿ ಮೊದಲ ಸುದ್ದಿ ಓದುವಷ್ಟರಲ್ಲಿ ಇಳಿಯುವ ಜಾಗ. ಹಳಿಯ ಎರಡೂ ಕಡೆ ಮನೆಗಳು ಎಷ್ಟು ಹತ್ತಿರವೆಂದರೆ ಕಿಟಕಿಯಿಂದ ಕೈಚಾಚಿದರೆ ಒಣಹಾಕಿದ ಟವೆಲು ಸಿಗುತ್ತದೆ. ಕೊನೆಯ ಸ್ಟೇಷನ್ನಿನಲ್ಲಿ ಹಳಿ ಒಂದು ಗೋಡೆಗೆ ಮುಗಿಯುತ್ತದೆ. ಅಲ್ಲಿ ಡ್ರೈವರ್ ತನ್ನ ಬ್ರೇಕಿನ ಹಿಡಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ತುದಿಗೆ ನಡೆಯುತ್ತಾನೆ, ಗಾರ್ಡ್ ಈ ತುದಿಗೆ ಬರುತ್ತಾನೆ. ನಡುವೆ ಇಬ್ಬರೂ ಎದುರಾದಾಗ ಟೋಪಿ ಮುಟ್ಟುತ್ತಾರೆ. ರೈಲು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗುತ್ತದೆ. ಅವರ ತಂದೆ ಆಯುಷ್ಯವನ್ನೆಲ್ಲ ಅಷ್ಟೇ ದೂರದಲ್ಲಿ ಕಳೆದರು.

“ತಂದೆ ಮನೆಯಲ್ಲಿ ಮಾತಾಡುತ್ತಿರಲಿಲ್ಲ,” ಎಂದರು ಜಪಾನಿ. “ಊಟ, ಸ್ನಾನ, ನಿದ್ದೆ. ಸಣ್ಣವನಿದ್ದಾಗ ಅವರ ಧ್ವನಿ ಕೇಳಬೇಕು ಅನಿಸಿದರೆ ರೈಲು ಹತ್ತುತ್ತಿದ್ದೆ. ಅಲ್ಲಿ ಅವರು ಎಲ್ಲರ ಹತ್ತಿರವೂ ಎಷ್ಟು ಪ್ರೀತಿಯಿಂದ ಮಾತಾಡುತ್ತಿದ್ದರು! ಎಚ್ಚರಿಕೆಯಿಂದ ಇಳಿಯಿರಿ, ಕೊಡೆ ಮರೆಯಬೇಡಿ ಅಂತ.”

ಆ ಕ್ಯಾಸೆಟನ್ನು ಅಲ್ಲಿಂದ ಮುಂದೆ ಎಷ್ಟೋ ಶುಕ್ರವಾರ ಕೇಳಿದೆವು. ಭಾಷೆ ತಿಳಿಯದ ನನಗೂ ಸ್ಟೇಷನ್ನುಗಳು ಬಾಯಿಪಾಠವಾದವು. ಲೆವೆಲ್ ಕ್ರಾಸಿಂಗಿನ ಗಂಟೆ ಬಂದು ಹೋಗುವ ಜಾಗದಲ್ಲಿ ಇಬ್ಬರೂ ಒಟ್ಟಿಗೆ ತಲೆಯಾಡಿಸುತ್ತಿದ್ದೆವು.

ಗಲ್ಫಿನಲ್ಲಿದ್ದ ನಮ್ಮಂಥವರಿಗೆ ಆಗ ಕ್ಯಾಸೆಟ್ಟೇ ಕಾಗದ. ಮಾತುಗಳನ್ನು ಟೇಪ್ ಮಾಡಿ ರಜೆಗೆ ಹೋಗುವವರ ಕೈಯಲ್ಲಿ ಕಳಿಸುವುದು, ಮನೆಯವರು ಸುತ್ತ ಕುಳಿತು ಕೇಳುವುದು. ನಾನೂ ಮಗಳಿಗೆಂದು ಕಳಿಸುತ್ತಿದ್ದೆ. ಅದರಲ್ಲಿ ಇರುತ್ತಿದ್ದದ್ದು ಏನು? ಊಟ ಮಾಡಬೇಕು, ಅಮ್ಮನಿಗೆ ಉಪದ್ರ ಕೊಡಬಾರದು, ಹಲ್ಲು ತಿಕ್ಕಬೇಕು. ಎರಡನೆಯ ವಾಕ್ಯಕ್ಕೆ ಅವಳು ಎದ್ದು ಹೋಗುತ್ತಾಳೆ ಎಂದು ಹೆಂಡತಿ ಹೇಳಿದ್ದಳು. ಫೋನು ಮಾಡಿದರೂ ಅವಳು ಬರುತ್ತಿರಲಿಲ್ಲ. “ಮಂಚದ ಅಡಿಗೆ ಹೋಗಿ ಕೂತಿದೆ ನಿಮ್ಮ ಮಗಳು, ಎಂತ ಮಾಡ್ಲಿ?” ಎಂದು ಹೆಂಡತಿ ಅನ್ನುವಾಗ ಇತ್ತ ಬೂತಿನಲ್ಲಿ ನನ್ನ ಫೋನ್ ಕಾರ್ಡಿನ ಯೂನಿಟ್ಟುಗಳು ಕರಗುತ್ತಿದ್ದವು.

ಅದೇ ಸಮಯದಲ್ಲಿ ನಮ್ಮ ಕರಾವಳಿಯಲ್ಲಿ ಹೊಸದಾಗಿ ರೈಲು ಹಳಿ ಹಾಕುವ ಕೆಲಸ ನಡೆಯುತ್ತಿತ್ತು. ಮನೆಯ ಹಿಂದಿನ ಗುಡ್ಡ ಕಡಿದಿದ್ದಾರೆ, ಮಗಳು ದಿನಾ ಹೋಗಿ ಟ್ರೈನ್ ಬಂತಾ ಎಂದು ನೋಡಿ ಬರುತ್ತಾಳೆ ಎಂದು ಹೆಂಡತಿ ತಿಳಿಸಿದಳು. ನನ್ನ ತಲೆಗೆ ಆಗ ಹೊಳೆಯಿತು.

ಒಂದು ಶುಕ್ರವಾರ ಮಧ್ಯಾಹ್ನ ನನ್ನ ಕೋಣೆಯಲ್ಲೇ ರೈಲು ಹೊರಡಿಸಿದೆವು. ಕಿಟಕಿಯ ಏಸಿ ಹಾಕಿದರೆ ಸಾಕು, ಅದರ ನಡುಕಕ್ಕೆ ಕಪಾಟಿನ ಪಾತ್ರೆಗಳೂ ಸೇರಿ ಥೇಟು ರೈಲಿನ ಸದ್ದು. ಕ್ರಾಸಿಂಗಿನ ಗಂಟೆಗೆ ಜಪಾನಿ ಚಮಚ ಹಿಡಿದು ಸ್ಟೀಲು ಲೋಟದ ಮುಂದೆ ಶಿಸ್ತಾಗಿ ಕುಳಿತರು. ನಾನು ಮೂಗಿನಿಂದ ಅವರ ತಂದೆಯ ಧ್ವನಿ ಎಳೆದೆ. “ಪ್ರಯಾಣಿಕರ ಗಮನಕ್ಕೆ! ಗುಫೂಲಿನಿಂದ ರಿಫಾಕ್ಕೆ ಹೋಗುವ ರೈಲು ಹೊರಡ್ತಾ ಉಂಟು. ನಾನು ಅಪ್ಪ, ಈ ರೈಲಿನ ಗಾರ್ಡ್. ಬಾಗಿಲು ಮುಚ್ಚಿತು. ಸಿಗ್ನಲ್ ಹಸಿರು. ಬೆರಳು ತೋರಿಸಿ, ಹಸಿರು! ಮುಂದಿನ ಸ್ಟೇಷನ್ ಸಲ್ಮಾನಿಯಾ.” ಸಲ್ಮಾನಿಯಾ, ಜಿಂಜ್, ಈಸಾ ಟೌನ್, ರಿಫಾ. ನಮ್ಮ ವ್ಯಾನು ದಿನಾ ಹೋಗುವ ದಾರಿಗೇ ಹಳಿ ಹಾಕಿಬಿಟ್ಟೆ. ಖರ್ಜೂರದ ಮರ ಬಂತು, ಮಸೀದಿ ಬಂತು, ಕುದುರೆ ಬಂತು, ಕೊಡೆ ಮರೆಯಬೇಡಿ. ಬಹ್ರೇನಿನಲ್ಲಿ ಕೊಡೆ ಯಾಕೆಂದು ಹೆಂಡತಿ ಆಮೇಲೆ ಕೇಳಿದಳು. ಅದು ಜಪಾನಿನ ಕೊಡೆ.

ಮಗಳು ಆ ಕ್ಯಾಸೆಟ್ಟಿಗೆ ಅಂಟಿಕೊಂಡಳು. ಬೆಳಿಗ್ಗೆ ಎದ್ದವಳೇ “ಅಪ್ಪನನ್ನು ಹಾಕಿ” ಅನ್ನುತ್ತಾಳಂತೆ. ಅಪ್ಪನನ್ನು ಹಾಕಿ! ಫೋನು ಬೂತಿನಲ್ಲಿ ನಿಂತು ಆ ಮಾತನ್ನು ಹೆಂಡತಿಯಿಂದ ಮೂರು ಸಲ ಹೇಳಿಸಿಕೊಂಡೆ. ಮನೆಯ ಪ್ರತಿ ಬಾಗಿಲಿಗೂ ಬೆರಳು ತೋರಿಸಿ “ಮುಚ್ಚಿತು!” ಎಂದು ಕೂಗುತ್ತಾಳಂತೆ. ಕೋಳಿಗೂಡು ಜಿಂಜ್, ಬಾವಿಕಟ್ಟೆ ಈಸಾ ಟೌನ್. “ಮಗುವಿಗೆ ಪೂರಾ ಮರುಳು ಹಿಡಿಸಿದ್ದೀರಿ ನೀವು,” ಎಂದಳು ಹೆಂಡತಿ. ಅವಳ ದನಿಯಲ್ಲಿ ಖುಷಿಯಿತ್ತು.

ಆ ವರ್ಷ ನಾನು ಒಬ್ಬಂಟಿ ಅನಿಸಿಕೊಂಡೇ ಸುಖವಾಗಿದ್ದೆ. ವ್ಯಾನಿನಲ್ಲಿ ನಿದ್ದೆ ಬಿಟ್ಟೆ. ಮಗಳಿಗೆ ಹೇಳಲೆಂದು ದಾರಿಯ ಗೋಡೆ, ಬೋರ್ಡು, ಮೇಕೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದೆ. ಧೂಳುಗಾಳಿ ಬಂದ ದಿನ “ಇವತ್ತು ರೈಲು ನಿಧಾನ” ಎಂದು ಹೊಸ ಕ್ಯಾಸೆಟ್ ಹೋಯಿತು. ರಂಜಾನಿಗೆ, ಚಳಿಗೆ, ನಮ್ಮ ದೀಪಾವಳಿಗೆ ಬೇರೆ ಬೇರೆ. ಫೋನಿಗೆ ಮಾತ್ರ ಅವಳು ಬರಲಿಲ್ಲ. ಬರುತ್ತಾಳೆ, ಈಗ ಶಬ್ದ ಬಾಯಿಗೆ ಬಂದಿದೆಯಲ್ಲ, ಮುಖಕ್ಕೆ ಮುಖ ಸಿಕ್ಕಿದರೆ ಸಾಕು ಎಂದು ನಾನು ಲೆಕ್ಕ ಹಾಕಿದೆ.

ನನ್ನ ಎರಡನೆಯ ರಜೆಯನ್ನು ಕಂಪನಿ ಕೆಲಸದ ನೆಪದಲ್ಲಿ ಮುಂದೂಡಿತ್ತು. ಶಾಲೆಗೆ ಬೇಸಿಗೆ ರಜೆ ಸಿಕ್ಕ ಕೂಡಲೇ ಅವರಿಬ್ಬರಿಗೆ ವಿಸಿಟ್ ವೀಸಾ ಮಾಡಿಸಿದೆ. ಕೋಣೆಗೆ ಸುಣ್ಣ ಹೊಡೆಸಿದೆ, ಎರಡು ತಟ್ಟೆ ಕೊಂಡೆ. ಮುಹರ‍್ರಕ್ಕಿನ ವಿಮಾನ ನಿಲ್ದಾಣದಲ್ಲಿ ಕಂಬಿಗೆ ಒರಗಿ ಕಾದು ನಿಂತೆ. ಗಾಜಿನ ಬಾಗಿಲು ತೆರೆಯಿತು. ಮಗಳು ನಿಂತು, ತಿರುಗಿ, ಬೆರಳು ತೋರಿಸಿ “ಮುಚ್ಚಿತು!” ಎಂದು ಹೇಳಿಯೇ ಮುಂದೆ ಬಂದಳು. ನನಗೆ ಕಣ್ಣು ತುಂಬಿತು.

“ನೋಡು, ಅಪ್ಪ,” ಎಂದಳು ಹೆಂಡತಿ.

ಮಗಳು ನನ್ನನ್ನು ನೋಡಿದಳು. ಆಮೇಲೆ ನನ್ನ ಹಿಂದೆ ನೋಡಿದಳು. ಊರಿನ ಗೋಡೆಯ ಮೇಲಿದ್ದದ್ದು ನಮ್ಮ ಮದುವೆಯ ಫೋಟೋ. ಅದರಲ್ಲಿ ನನಗೆ ತಲೆತುಂಬ ಕೂದಲು, ಹುರಿಮೀಸೆ. ಬಹ್ರೇನಿನ ನೀರು ಕೂದಲಿಗೆ ಆಗುವುದಿಲ್ಲ ಎಂದು ಗಲ್ಫಿನವರೆಲ್ಲ ಹೇಳುತ್ತೇವೆ, ನೀರಿನದೇ ತಪ್ಪೋ ವಯಸ್ಸಿನದೋ ಯಾರಿಗೆ ಗೊತ್ತು. ಮೀಸೆಯನ್ನು ನಾನೇ ತೆಗೆಸಿದ್ದೆ. ಎತ್ತಿಕೊಳ್ಳಲು ಹೋದರೆ ಕೊಸರಿಕೊಂಡು ಅಮ್ಮನ ಸೆರಗು ಹಿಡಿದಳು. ಟ್ಯಾಕ್ಸಿಯಲ್ಲಿ ಕುಳಿತ ಮೇಲೆ ಅಮ್ಮನ ಕಿವಿಯಲ್ಲಿ ಏನೋ ಕೇಳಿದಳು.

“ಟ್ರೈನ್ ಎಲ್ಲಿ ಅಂತ ಕೇಳ್ತಿದ್ದಾಳೆ,” ಎಂದಳು ಹೆಂಡತಿ, ನಗು ತಡೆಯುತ್ತ.

“ಇಲ್ಲಿ ಟ್ರೈನ್ ಇಲ್ಲ ಮಗಾ. ಅದು ಅಪ್ಪ ಸುಮ್ಮನೆ ನಿಂಗೋಸ್ಕರ ಮಾಡಿದ್ದು.”

ಅವಳು ನನ್ನ ಕಡೆ ಒಮ್ಮೆ ತಿರುಗಿದಳು. ನಾಲ್ಕೂವರೆ ವರ್ಷದ ಮುಖದಲ್ಲಿ ಅಷ್ಟು ಗಂಭೀರವಾದ ಅಪನಂಬಿಕೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಮೇಲೆ ಸೇತುವೆ ಮುಗಿದು ಮನಾಮ ಬರುವವರೆಗೂ ಕಿಟಕಿಗೆ ಮೂಗು ಒತ್ತಿ ಹೊರಗೆ ಹುಡುಕುತ್ತಲೇ ಇದ್ದಳು.

ಟ್ರೈನ್ ಇಲ್ಲವೆಂದು ಕೋಪ ಬಂದಿದೆ, ಎರಡು ದಿನದಲ್ಲಿ ಇಳಿಯುತ್ತದೆ ಅಂದುಕೊಂಡೆ. ಇಳಿಯಲಿಲ್ಲ. ಹಾಗೆಂದು ಅವಳು ಹಟ ಮಾಡುವ ಮಗುವೂ ಅಲ್ಲ. ನಾನು ಕೊಟ್ಟದ್ದನ್ನು ತಿಂದಳು, ತೋರಿಸಿದ್ದನ್ನು ನೋಡಿದಳು, ಕೋಲ್ಡ್ ಸ್ಟೋರಿನಿಂದ ಐಸ್‌ಕ್ರೀಮು ತಂದರೆ ಎರಡೂ ಕೈ ಚಾಚಿ ತೆಗೆದುಕೊಂಡಳು. ಮನೆಗೆ ಬಂದ ನೆಂಟರ ಎದುರು ಮಕ್ಕಳು ಹೇಗೆ ಒಳ್ಳೆಯವರಾಗಿರುತ್ತಾರೋ ಹಾಗೆ ಇದ್ದಳು. ನನ್ನನ್ನು ಕರೆಯಬೇಕಾದರೆ ಹತ್ತಿರ ಬಂದು ಅಂಗಿಯ ತುದಿ ಎಳೆಯುತ್ತಿದ್ದಳು. ಹೆಂಡತಿ ಗದರಿದಳು, ಮುದ್ದು ಮಾಡಿದಳು, “ಅಪ್ಪ ಅಂತ ಹೇಳು, ಚಾಕಲೇಟು ಕೊಡ್ತೇನೆ,” ಎಂದಳು. ಅವಳು ತುಟಿ ಬಿಗಿದು ಚಾಕಲೇಟು ಬೇಡ ಎಂದು ತಲೆಯಾಡಿಸಿದಳು.

“ಬಿಡು, ಒತ್ತಾಯ ಮಾಡ್ಬೇಡ,” ಎಂದೆ. ಬಿಡುವುದು ನನಗೆ ಕಷ್ಟವಾಗಿತ್ತು.

ಒಂದು ಶುಕ್ರವಾರ ಅರಾದಿನ ಕೋಟೆ ತೋರಿಸಲು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಬಸ್ಸು ಹೊರಟಾಗ, ಕಿಟಕಿಯ ಬದಿ ಕುಳಿತ ಅವಳ ಕಿವಿಗೆ ಬಾಗಿ, ಮೂಗಿನಿಂದ ಎಳೆದೆ: “ಪ್ರಯಾಣಿಕರ ಗಮನಕ್ಕೆ! ಮುಂದಿನ ಸ್ಟೇಷನ್ ಮುಹರ‍್ರಕ್...” ಅವಳು ಬೆಚ್ಚಿ ತಿರುಗಿದಳು. ಮುಖ ಕೆಂಪಾಯಿತು. ಪುಟ್ಟ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.

“ಹಾಗೆ ಹೇಳ್ಬಾರ್ದು ನೀವು,” ಎಂದಳು. ಎದುರಿನ ಸೀಟಿನ ಪಠಾಣ ಮುದುಕ ನಕ್ಕ. ಬಸ್ಸಿನ ಜನರ ಎದುರು ಅವಳಿಗೆ ನಾಚಿಕೆಯಾಯಿತು ಅಂದುಕೊಂಡು ನಾನೂ ನಕ್ಕೆ. ಕೋಟೆಯನ್ನು ಮೂವರೂ ಬಿಸಿಲಿನಲ್ಲಿ ಒಂದು ಸುತ್ತು ಹಾಕಿ ಬಂದೆವು.

ಜಪಾನಿಯ ಹತ್ತಿರ ಮಾತ್ರ ಅವಳಿಗೆ ಎಂಥ ಸಲಿಗೆ! ಬೀಗಕ್ಕೆ ಬೆರಳು ತೋರಿಸುವ ಮನುಷ್ಯನನ್ನು ಮೆಟ್ಟಿಲಲ್ಲಿ ಕಂಡದ್ದೇ ತಡ, ಓಡಿ ಹೋಗಿ ಪಕ್ಕದಲ್ಲಿ ನಿಂತು ತಾನೂ ಬೆರಳು ಚಾಚಿದಳು. ಅವರು ಮಂಡಿಯೂರಿ ಅವಳ ಎತ್ತರಕ್ಕೆ ಇಳಿದು, ಟೋಪಿ ಇಲ್ಲದ ತಲೆಗೆ ಕೈ ಮುಟ್ಟಿಸಿದರು. ಮೇಲೆ ಕರೆದೊಯ್ದು ತಮ್ಮ ತಂದೆಯ ಕ್ಯಾಸೆಟ್ ಹಾಕಿದರು. ಅವಳು ಆ ತುದಿಯಿಂದ ಈ ತುದಿಯವರೆಗೆ ಮಿಸುಕದೆ ಕೇಳಿದಳು. ಬಾಗಿಲಲ್ಲಿ ನಿಂತಿದ್ದ ನನಗೆ ಹೊಟ್ಟೆಕಿಚ್ಚಾಯಿತು. ಹೌದು, ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಯಾಕೆ?

ಅವಳು ಕೆಳಗೆ ಇಳಿದ ಮೇಲೆ ಜಪಾನಿ ಕ್ಯಾಸೆಟನ್ನು ಪೆಟ್ಟಿಗೆಗೆ ಹಾಕುತ್ತ, ನನ್ನ ಮುಖ ನೋಡದೆ ಹೇಳಿದರು: “ತಂದೆ ನಿವೃತ್ತರಾಗಿ ಮನೆಯಲ್ಲಿ ಕುಳಿತರು. ಆ ಮುದುಕರ ಹತ್ತಿರ ಏನು ಮಾತಾಡಬೇಕೋ ನನಗೆ ತಿಳಿಯಲಿಲ್ಲ. ಅವರು ಪಕ್ಕದ ಕೋಣೆಯಲ್ಲಿ ಇರುವಾಗ ನಾನು ನನ್ನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಇದನ್ನು ಕೇಳುತ್ತಿದ್ದೆ. ಅವರು ತೀರಿಕೊಂಡ ದಿನವೂ ನನಗೆ ನೆನಪಾದದ್ದು ಈ ಧ್ವನಿ, ಆ ಮುಖ ಅಲ್ಲ.”

ನನಗೆ ಸಿಟ್ಟು ಬಂತು. ನನ್ನ ಮಗಳ ವಿಷಯಕ್ಕೂ ನಿಮ್ಮ ಮನೆಯ ಸಂಗತಿಗೂ ಏನು ಸಂಬಂಧ ಎಂದು ಕೇಳಬೇಕೆಂದುಕೊಂಡೆ. ಕೇಳದೆ ಇಳಿದು ಬಂದೆ. ಒಳಗೆ ಮಗಳು ಹೊಸ ತಟ್ಟೆಗಳನ್ನು ಸಾಲಾಗಿ ಇಟ್ಟು ತನ್ನಷ್ಟಕ್ಕೆ ರೈಲು ಓಡಿಸುತ್ತಿದ್ದಳು. ನಾನು ಹತ್ತಿರ ಕುಳಿತಾಗ ಆಟ ನಿಲ್ಲಿಸಿ ಮರ್ಯಾದೆಯಿಂದ ಜಾಗ ಬಿಟ್ಟಳು.

ರಜೆ ಮುಗಿಯಿತು. ಹೊರಡುವ ದಿನ ಅವಳು ನನಗೆ ಕೈ ಬೀಸಿದಳು, ಅಮ್ಮ ಹೇಳಿಕೊಟ್ಟ ಹಾಗೆ ಕೆನ್ನೆಗೆ ಮುತ್ತನ್ನೂ ಕೊಟ್ಟಳು. ಮುತ್ತು ಸಿಕ್ಕಿತು, ಶಬ್ದ ಸಿಗಲಿಲ್ಲ. ಬಂದು ಕೋಣೆಯ ಬೀಗ ತೆಗೆದಾಗ ಅಲ್ಲಿ ಎಣ್ಣೆ ಹಾಕಿದ ಎಳೆಯ ತಲೆಗೂದಲಿನ ವಾಸನೆ ಇನ್ನೂ ಇತ್ತು. ಏಸಿ ಹಾಕಿದರೆ ಹೋಗಿಬಿಡುತ್ತದೆಂದು ಆ ಸಂಜೆ ಬೆವರುತ್ತ ಕುಳಿತೆ. ಆ ಬೇಸಿಗೆಯಷ್ಟು ಖಾಲಿಯಾದ ದಿನಗಳನ್ನು ನಾನು ಬಹ್ರೇನಿನಲ್ಲಿ ಮೊದಲೂ ಕಾಣಲಿಲ್ಲ, ಆಮೇಲೂ ಕಾಣಲಿಲ್ಲ. ಜಪಾನಿಯ ಕೆಲಸವೂ ಮುಗಿದು ಅವರು ಹೊರಟುಹೋದರು. ಮೇಲಿನ ಮಹಡಿಯಲ್ಲಿ ಬೀಗಕ್ಕೆ ಬೆರಳು ತೋರಿಸುವವರು ಇರಲಿಲ್ಲ.

ಊರಿನಲ್ಲಿ ಮಳೆ ಹಿಡಿದು ಶಾಲೆ ಶುರುವಾದ ಮೇಲೆ ಒಂದು ಸಂಜೆ ಕೋಲ್ಡ್ ಸ್ಟೋರಿನ ಪಕ್ಕದ ಬೂತಿನಿಂದ ಫೋನು ಮಾಡಿದೆ. ಅದು ಇದು ಮಾತಾಡಿ ಇಡಬೇಕು ಅನ್ನುವಾಗ ಹೆಂಡತಿ, “ಇರಿ ಇರಿ, ಇವತ್ತು ಮಂಚದ ಅಡಿಗೆ ಹೋಗ್ಲಿಲ್ಲ, ಇಲ್ಲೇ ನಿಂತಿದ್ದಾಳೆ. ಕೊಡ್ತೇನೆ,” ಎಂದಳು. ಆ ಕಡೆ ಉಸಿರಾಟದ ಸದ್ದು ಮಾತ್ರ ಕೇಳಿತು. ಏನಂದರೂ ಓಡಿಹೋಗುತ್ತಾಳೆ ಎಂದು ನನಗೆ ಭಯ. ಬೇರೇನೂ ತೋಚದೆ, ಬಸ್ಸಿನಲ್ಲಿ ಆದದ್ದನ್ನು ಮರೆತು, ಮೂಗಿನಿಂದ ಎಳೆದೆ.

“ಪ್ರಯಾಣಿಕರ ಗಮನಕ್ಕೆ! ಗುಫೂಲಿನಿಂದ ರಿಫಾಕ್ಕೆ ಹೋಗುವ ರೈಲು...”

“ಅಪ್ಪಾ!” ಎಂದು ಕಿರುಚಿದಳು.

ನಾನು ಬೂತಿನ ಗಾಜಿಗೆ ಹಣೆ ಒತ್ತಿ ನಿಂತುಬಿಟ್ಟೆ. ಅಷ್ಟು ವರ್ಷ ಕಾದ ಶಬ್ದ. ಅವಳಿಗೆ ನಿಲ್ಲಿಸಲು ಆಗುತ್ತಿರಲಿಲ್ಲ.

“ಅಪ್ಪಾ, ನೀವು ಎಲ್ಲಿ ಹೋಗಿದ್ರಿ? ನಾವು ವಿಮಾನದಲ್ಲಿ ಬಹ್ರೇನಿಗೆ ಬಂದಿದ್ದೆವು ಗೊತ್ತುಂಟಾ? ನೀವು ಇರ್ಲೇ ಇಲ್ಲ. ಅಲ್ಲಿ ಒಬ್ರು ಮಾಮ ಇದ್ರು. ತಲೆಯಲ್ಲಿ ಕೂದಲಿಲ್ಲ. ಐಸ್‌ಕ್ರೀಮ್ ಎಲ್ಲ ತಂದುಕೊಟ್ರು.”

ನನ್ನ ಬಾಯಿಂದ ಸಾಮಾನ್ಯ ಧ್ವನಿ ಹೊರಡುವುದರಲ್ಲಿತ್ತು. ತಡೆದು, ಮೂಗಿನಲ್ಲೇ ಕೇಳಿದೆ. “ಹೌದಾ ಮಗಾ? ಹೇಗಿದ್ರು ಆ ಮಾಮ?”

“ಒಳ್ಳೆಯವ್ರು. ಆದ್ರೆ ಸುಳ್ಳು ಹೇಳ್ತಾರೆ. ಟ್ರೈನೇ ಇಲ್ಲ ಅಂತ ಹೇಳಿದ್ರು. ಮತ್ತೆ ಬಸ್ಸಿನಲ್ಲಿ ನಿಮ್ಮ ಹಾಗೆಯೇ ಹೇಳ್ಲಿಕ್ಕೆ ನೋಡಿದ್ರು, ನಾನು ಬಾಯಿ ಮುಚ್ಚಿದೆ.” ಅವಳು ದನಿ ತಗ್ಗಿಸಿದಳು, ಅಮ್ಮ ಕೇಳಿಸಿಕೊಳ್ಳಬಾರದೆಂದು ಇರಬೇಕು. “ಅವ್ರನ್ನು ಅಪ್ಪ ಅಂತ ಕರಿ, ಅಪ್ಪ ಅಂತ ಕರಿ ಅಂತ ಅಮ್ಮ ದಿನಾ ಹೇಳಿದ್ರು. ಚಾಕಲೇಟು ಕೊಡ್ತೇನೆ ಅಂದ್ರು. ನಾನು ಒಂದು ಸಲವೂ ಕರೀಲಿಲ್ಲ ಅಪ್ಪಾ. ಸರಿ ಮಾಡಿದೆ ಅಲ್ವಾ?”

ಕಾರ್ಡು ಮುಗಿಯುತ್ತ ಬಂದಿತ್ತು. ಅವಳು ಉತ್ತರಕ್ಕೆ ಕಾಯುತ್ತಿದ್ದಳು.

“ಸರಿ ಮಾ‍ಡಿದೆ ಮಗಾ,” ಎಂದೆ.